ಖಡಕ್ ಸಾಹೇಬರು ಎಲ್ಲಿ ಬೇಕು, ಎಲ್ಲಿ ಬೇಡ

ನಮ್ಮ ಮಂಡ್ಯದಲ್ಲಿ ಯಾವ ಕೆಲಸ ಕೆಟ್ಟರೂ ಒಂದೇ ಮದ್ದು: "ಒಬ್ಬ ಖಡಕ್ ಆಫೀಸರ್ ಬರ್ಬೇಕು ಕಣ್ರೀ, ಎಲ್ಲಾ ಸರಿಹೋಗುತ್ತೆ." ಟೀ ಅಂಗಡಿಯಲ್ಲೂ ಇದೇ ಮಾತು, ವಾಟ್ಸಾಪ್ ಗುಂಪಿನಲ್ಲೂ ಇದೇ. ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ಯಾವ ಅರ್ಧ ಅಂತ ಹೇಳೋಕೆ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್ ಅಣೆಕಟ್ಟು) ಸಾಕು.

2024ರ ಜುಲೈ ನೆನಪಿದೆಯಲ್ವಾ? ಕೊಡಗಿನಲ್ಲಿ ಮಳೆ ಬಿಡಲೇ ಇಲ್ಲ. 124.80 ಅಡಿಯ ಕಟ್ಟೆ ತುಂಬಿತು. ತಿಂಗಳ ಕೊನೆಗೆ ಹೊರಹರಿವು ಒಂದು ಲಕ್ಷ ಕ್ಯೂಸೆಕ್ ದಾಟಿತು. ಅಂಥ ಹೊತ್ತಲ್ಲಿ ಗೇಟು ಎತ್ತೋಕೆ ಊರವರ ಸಭೆ ಕರೆಯೋಕಾಗುತ್ತಾ? ಒಳಹರಿವು ನೋಡಿ ಎಂಜಿನಿಯರ್ ಹೇಳಬೇಕು, ಸಿಬ್ಬಂದಿ ಎತ್ತಬೇಕು, ಶ್ರೀರಂಗಪಟ್ಟಣದ ಹೊಳೆದಂಡೆಯವರು ಜಾಗ ಖಾಲಿ ಮಾಡಬೇಕು. ಅಷ್ಟೇ.

ಅದರ ಹಿಂದಿನ ವರ್ಷ ಮಳೆ ಕೈಕೊಟ್ಟಿತು. ತಮಿಳುನಾಡಿಗೆ ನೀರು ಬಿಡಿ ಅಂತ ಆದೇಶ, ಇಲ್ಲಿ ಬಂದ್. ಬರ ಬಂದರೆ ನಾಲೆಗೆ ಕಟ್ಟು ಪದ್ಧತಿ: ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಲಿಸೋದು. ಕಾಗದದ ಮೇಲೆ ಲೆಕ್ಕ ಸರಿಯಾಗೇ ಇರುತ್ತದೆ. ಆದರೆ ಮೇಲಿನ ಗದ್ದೆಯವರು ರಾತ್ರಿ ತೂಬು ಎತ್ತಿದರೆ ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗಕ್ಕೆ ಏನು ಉಳಿಯುತ್ತದೆ?

ಆಗ ನಾಲೆ ಏರಿ ಮೇಲೆ ಇರುವವನು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ. ಕೈಯಲ್ಲಿ ಒಂದು ಬ್ಯಾಟರಿ, ಒಂದು ಸನಿಕೆ. ಜೋರು ಮಾಡಿದರೆ ನಾಳೆ ಆ ಊರಿಗೆ ಕಾಲಿಡೋಕಾಗಲ್ಲ. "ಅಣ್ಣೋ, ಇವತ್ತೊಂದು ರಾತ್ರಿ ಬುಡಣ್ಣ, ಕೆಳಗಡೆ ಪೈರು ಒಣಗ್ತಾ ಅದೆ. ನಾಳಿಕ್ಕೆ ನಿಂದೇ ಮೊದ್ಲು" ಅನ್ನುತ್ತಾನೆ. ಮಾರನೇ ದಿನ ಆ ಮಾತು ಉಳಿಸಿಕೊಂಡರೆ ಮುಂದಿನ ಕಟ್ಟಿಗೂ ಅವನ ಮಾತು ನಡೆಯುತ್ತದೆ. ತಪ್ಪಿದರೆ ಮುಗೀತು, ಪೊಲೀಸ್ ಜೀಪು ಬಂದರೂ ತೂಬು ನಿಲ್ಲಲ್ಲ.

ಫ್ರೆಡ್ ಫೀಡ್ಲರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರೊಬ್ಬರು 1960ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಜನ ನಾಯಕನನ್ನು ನಂಬುತ್ತಾರಾ, ಕೆಲಸ ಎಷ್ಟು ಸ್ಪಷ್ಟ, ಕೈಯಲ್ಲಿ ಅಧಿಕಾರ ಎಷ್ಟು, ಈ ಮೂರು ನೋಡಿ ಅಂದರು. ಮೂರೂ ಚೆನ್ನಾಗಿದ್ದರೆ, ಇಲ್ಲವೇ ಮೂರೂ ಹದಗೆಟ್ಟಿದ್ದರೆ, ಕೆಲಸ ಆಗಲೇಬೇಕು ಅನ್ನುವವರು ಗೆಲ್ಲುತ್ತಾರೆ. ನಡುವೆ ಸಿಕ್ಕಿಕೊಂಡಾಗ ಜನರ ಜೊತೆ ಹೊಂದಿಕೊಂಡು ಹೋಗುವವರು. ಗೇಟು ಮೊದಲನೇದು, ತೂಬು ಎರಡನೇದು.

ಮನುಷ್ಯನ ರೀತಿ ಸುಲಭಕ್ಕೆ ಬದಲಾಗಲ್ಲ ಅಂತಲೂ ಫೀಡ್ಲರ್ ಹೇಳಿದ್ದರು. ಆಮೇಲೆ ಬಂದ ಹರ್ಸಿ, ಬ್ಲಾಂಚರ್ಡ್ ಅನ್ನೋ ಇಬ್ಬರು ಪಂಡಿತರು ಮಾತ್ರ ನಾಯಕನೇ ಜನ ನೋಡಿ ರೀತಿ ಬದಲಿಸಿಕೊಳ್ಳಬೇಕು ಅಂದರು. ನಾನು ಫೀಡ್ಲರ್ ಪಕ್ಷ. ಜೀವಮಾನ ಪೂರ್ತಿ ಗದರಿಸಿಕೊಂಡೇ ಬಂದವರು ಎರಡು ದಿನದ ತರಬೇತಿಗೆ ಮೆತ್ತಗಾಗುತ್ತಾರಾ? ಸುಮ್ನೆ ದುಡ್ಡು ದಂಡ.

ಹಾಗಾಗಿ ಖಡಕ್ ಸಾಹೇಬರನ್ನು ಕಟ್ಟೆ ಮೇಲೇ ಇಟ್ಟುಕೊಳ್ಳಿ. ನಾಲೆ ಕಡೆಗೆ ಕೂತು ಮಾತಾಡುವವರನ್ನು ಕಳಿಸಿ. ನೀರಾವರಿ ಸಲಹಾ ಸಮಿತಿ ನಾಲೆಗೆ ನೀರು ಬಿಡೋ ತೀರ್ಮಾನ ಮಾಡುವ ಮೊದಲು ಮಳವಳ್ಳಿ ಕಡೆ ಕೊನೆ ಭಾಗದ ಒಂದು ಊರಲ್ಲಿ ಸಭೆ ಆಗಲಿ. ನೀರುಗಂಟಿಗಳಿಗೆ ಮುಂದಿನ ಸಾಲಲ್ಲೇ ಕುರ್ಚಿ ಹಾಕಿ. ಹಾರ ತುರಾಯಿ ಮಾತ್ರ ಬೇಡ, ಅದಕ್ಕೇ ಅರ್ಧ ಗಂಟೆ ಹೋಗುತ್ತೆ.