ನನ್ನ ಸಹಿಯನ್ನೇ ನಾನು ನಕಲು ಮಾಡಿದ ದಿನ

ಅಪಾರ್ಟ್‌ಮೆಂಟಿನ ನಿರ್ವಹಣೆಗೆಂದು ನಾನು ಕೊಟ್ಟಿದ್ದ ಎಂಟು ಸಾವಿರ ರೂಪಾಯಿಯ ಚೆಕ್ಕು ಮೂರನೆಯ ದಿನಕ್ಕೆ ವಾಪಸು ಬಂತು. ಖಾತೆಯಲ್ಲಿ ಹಣ ಸಾಲದೆ ಬಂದಿದ್ದರೆ ತಿಂಗಳ ಕೊನೆಯಲ್ಲವೇ ಎಂದು ಸುಮ್ಮನಾಗುತ್ತಿದ್ದೆ. ಆದರೆ ಜೊತೆಗಿದ್ದ ಚೀಟಿಯಲ್ಲಿ ಚೆಕ್ಕು ಬರೆದವರ ಸಹಿ ತಾಳೆಯಾಗುತ್ತಿಲ್ಲ ಎಂಬ ಕಾರಣಕ್ಕೆ ಟಿಕ್ ಬಿದ್ದಿತ್ತು. ಅದನ್ನು ತಂದುಕೊಟ್ಟ ಸಂಘದ ಕಾರ್ಯದರ್ಶಿಗಳು, ಹನ್ನೊಂದು ವರ್ಷದಿಂದ ಮೂರನೆಯ ಮಹಡಿಯಲ್ಲಿರುವ ಈ ಆಸಾಮಿ ನಿಜಕ್ಕೂ ಯಾರಿರಬಹುದು ಎಂಬಂತೆ ನನ್ನನ್ನು ನೋಡಿ ಲಿಫ್ಟ್ ಹತ್ತಿದರು.

ಬ್ಯಾಂಕಿನ ಅಧಿಕಾರಿ, ನಾನು ಖಾತೆ ತೆರೆದ 1997ರಲ್ಲಿ ಇನ್ನೂ ಹುಟ್ಟಿರಲಾರದ ಹುಡುಗಿ, ಒಂದು ಬಿಳಿ ಹಾಳೆ ಮುಂದಿಟ್ಟು, "ಅಕೌಂಟ್ ಓಪನ್ ಮಾಡಿದಾಗ ಮಾಡಿದ್ರಲ್ಲ ಸರ್, ಹಾಗೇ ಒಂದು ಸಹಿ ಮಾಡಿ" ಎಂದರು. ಆ ಸಹಿಯನ್ನು ಒಮ್ಮೆ ತೋರಿಸಿದರೆ ಅನುಕೂಲವಾಗುತ್ತಿತ್ತು ಎಂದೆ. "ತೋರಿಸೋ ಹಾಗಿಲ್ಲ ಸರ್" ಎಂದು ಕಂಪ್ಯೂಟರಿನ ಪರದೆಯನ್ನು ತಮ್ಮ ಕಡೆಗೆ ಇನ್ನಷ್ಟು ತಿರುಗಿಸಿಕೊಂಡರು.

ನನ್ನ ಹೆಸರಿನ ಕೊನೆಯಲ್ಲೊಂದು 'ಮೂರ್ತಿ' ಇದೆ. ಆಗ ಹೊಸ ನೌಕರಿ, ಹೊಸ ಹುರುಪು. ಕೊನೆಯ ಅರ್ಕಾವೊತ್ತನ್ನು ಆನೆಯ ಸೊಂಡಿಲಿನಂತೆ ಸುತ್ತಿ, ಹೆಸರಿನ ಅಡಿಯಲ್ಲಿ ಹಿಂದಕ್ಕೆಳೆದು ಎರಡು ಚುಕ್ಕೆ ಇಡುತ್ತಿದ್ದೆನೆಂಬುದು ಮಸುಕಾಗಿ ನೆನಪಿತ್ತು. ಆಮೇಲಿನ ವರ್ಷಗಳ ಹಾಜರಿ ಪುಸ್ತಕವು ಮೊದಲು ಚುಕ್ಕೆಗಳನ್ನೂ, ಬಳಿಕ ಸೊಂಡಿಲನ್ನೂ ನುಂಗಿ, ಈಗ ಉಳಿದಿರುವುದು ರಸ್ತೆಯಲ್ಲಿ ಸತ್ತುಬಿದ್ದ ಕೇರೆಹಾವಿನಂಥ ಒಂದು ಗೆರೆ ಮಾತ್ರ. ಇದ್ದ ನೆನಪನ್ನೆಲ್ಲ ಒಟ್ಟುಮಾಡಿ, ಉಸಿರು ಬಿಗಿಹಿಡಿದು, ಸೊಂಡಿಲನ್ನು ಮೆಲ್ಲಗೆ ಬಿಡಿಸಿದೆ. ನಡುವೆ ಎರಡು ಕಡೆ ಪೆನ್ನು ಎತ್ತಿ, ಮುಂದೇನೆಂದು ಯೋಚಿಸಿ, ಮತ್ತೆ ಇಟ್ಟೆ.

ಕೈಬರಹ ಪರೀಕ್ಷಕರು ಖೋಟಾ ಸಹಿಯನ್ನು ಹಿಡಿಯುವುದು ಇಂಥವುಗಳಿಂದಲೇ: ಗೆರೆಯಲ್ಲಿ ನಡುಕ, ವೇಗವಿಲ್ಲದ ಚಲನೆ, ಅನಗತ್ಯವಾಗಿ ಪೆನ್ನೆತ್ತಿದ ಗುರುತು, ಮೊನಚಾಗುವ ಬದಲು ಮೊಂಡಾಗಿ ನಿಂತ ಕೊನೆ. ಅಸಲಿ ಸಹಿ ಎಂದೂ ತನ್ನನ್ನೇ ಪೂರ್ತಿ ಹೋಲುವುದಿಲ್ಲ. ಒಬ್ಬನದೇ ಎರಡು ಸಹಿಗಳನ್ನು ಒಂದರ ಮೇಲೊಂದಿಟ್ಟಾಗ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಕೂತರೆ, ಅಚ್ಚು ತೆಗೆದಿದ್ದಾರೆಂದೇ ಅನುಮಾನ. ಈ ಶಾಸ್ತ್ರದ ಪ್ರಕಾರ ನಾನಂದು ಮಾಡಿದ್ದು ಪಠ್ಯಪುಸ್ತಕಕ್ಕೆ ಹಾಕಿಕೊಳ್ಳಬಹುದಾದಂಥ ಖೋಟಾ ಸಹಿ. ಬೇರೆಯವರ ಸಹಿ ಮಾಡಿ ಸಿಕ್ಕಿಬೀಳುವವರಿದ್ದಾರೆ. ಸ್ವಂತದ್ದನ್ನು ಮಾಡಿ ಸಿಕ್ಕಿಬೀಳಲು ಒಂದಿಷ್ಟು ಪ್ರತಿಭೆ ಬೇಕು.

ಈ ಪ್ರತಿಭೆ ಎಂಟನೆಯ ತರಗತಿಯಲ್ಲೇ ಬೆಳಕಿಗೆ ಬಂದಿತ್ತು. ಗಣಿತದಲ್ಲಿ ಹದಿನೆಂಟು ಅಂಕ ಬಂದ ಅಂಕಪಟ್ಟಿಗೆ ಅಪ್ಪನ ಸಹಿಯನ್ನು ನಾನೇ ಹಾಕುವುದೆಂದು ನಿರ್ಧರಿಸಿ, ನೋಟುಬುಕ್ಕಿನ ಒಂದಿಡೀ ಪುಟದಲ್ಲಿ ಅಭ್ಯಾಸ ಮಾಡಿ, ಆ ಪುಟವನ್ನು ಹರಿದು ಬಚ್ಚಲೊಲೆಗೆ ಹಾಕಿದ್ದೆ. ಅಪ್ಪ ಕೆಳಗಿನ ಖಾಲಿ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಅವರ ಸಹಿ ಸಾಲುಸಾಲಾಗಿ, ಒತ್ತಿದ ಗುರುತಾಗಿ ಎದ್ದುನಿಂತಿತು. ಇಂದು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಇದೇ ಕೆಲಸಕ್ಕೆ ಹಾಳೆಯ ಮೇಲೆ ತೆಳುಪೊರೆ ಹಾಸಿ, ಸ್ಥಿರವಿದ್ಯುತ್ ಹಾಯಿಸಿ, ಕಪ್ಪು ಪುಡಿ ಚೆಲ್ಲುವ ಯಂತ್ರವಿದೆ. ಓರೆ ಬೆಳಕಿನ ಪರೀಕ್ಷೆಯನ್ನಂತೂ ಅವರು ಬಿಟ್ಟಿಲ್ಲ. ಪರೀಕ್ಷೆಯ ಬಳಿಕ ಅಪ್ಪ ನೀಡಿದ ತೀರ್ಪಿನ ಗುರುತು ಬರಿಗಣ್ಣಿಗೇ ಕಾಣುತ್ತಿತ್ತು.

"ಹೊಸದಾಗಿ ಸಹಿ ಕೊಟ್ಟುಬಿಡಿ ಸರ್, ಪ್ಯಾನ್ ಕಾರ್ಡ್ ತೋರಿಸಿ" ಎಂದು ಅಧಿಕಾರಿ ಅರ್ಜಿ ಕೊಟ್ಟರು. ಪ್ಯಾನ್ ಕಾರ್ಡಿನಲ್ಲಿದ್ದದ್ದು ಅರ್ಜಿಯ ಪುಟ್ಟ ಚೌಕದೊಳಗೆ ಮೂರ್ತಿಯನ್ನು ಮಡಚಿ ಕೂರಿಸಿದ ಮೂರನೆಯದೇ ಒಂದು ಸಹಿ. ಯಾವುದನ್ನು ಯಾವುದರ ಜೊತೆ ಹೋಲಿಸಬೇಕೆಂದು ಅವರಿಗೂ ತಿಳಿಯಲಿಲ್ಲ. ಹೋಲಿಕೆಗೆ ಆಯ್ದ ಮಾದರಿಯೇ ಕೈಕೊಟ್ಟರೆ ಪರೀಕ್ಷಕರೂ ಮೋಸಹೋಗುತ್ತಾರೆ. 1983ರಲ್ಲಿ ಜರ್ಮನಿಯ 'ಸ್ಟರ್ನ್' ವಾರಪತ್ರಿಕೆ ಲಕ್ಷಾಂತರ ಮಾರ್ಕು ಸುರಿದು ಹಿಟ್ಲರನ ದಿನಚರಿಗಳನ್ನು ಕೊಂಡಾಗ ಕೈಬರಹ ತಜ್ಞರು ಅದು ಅವನದೇ ಎಂದಿದ್ದರು. ಹೋಲಿಕೆಗೆ ಕೊಟ್ಟ ಹಿಟ್ಲರನ ಕಾಗದಗಳಲ್ಲೂ ಕೆಲವು ಅದೇ ಖೋಟಾಗಾರ ಕೊನ್ರಾಡ್ ಕುಯೌ ಬರೆದವಾಗಿದ್ದವು. ಕೊನೆಗೆ ಗುಟ್ಟು ರಟ್ಟು ಮಾಡಿದ್ದರಲ್ಲಿ ಕಾಗದದ್ದೂ ಪಾಲಿತ್ತು: ಯುದ್ಧ ಮುಗಿದ ಮೇಲಷ್ಟೇ ಕಾಗದಕ್ಕೆ ಬೆರೆಸತೊಡಗಿದ, ನೇರಳಾತೀತ ಬೆಳಕಿಗೆ ಹೊಳೆಯುವ ಬಿಳುಪುಕಾರಕ ಅದರಲ್ಲಿತ್ತು.

ಆ ಬಿಳುಪುಕಾರಕ ನನಗೂ ಅದೇ ದಿನ ಗಂಟುಬಿತ್ತು. ಸಹಿಯ ಸಹವಾಸವೇ ಬೇಡವೆಂದು ಸಂಘದ ಖಾತೆಗೆ ನಗದೇ ಕಟ್ಟಲು ಐನೂರರ ಹದಿನಾರು ನೋಟುಗಳನ್ನು ಕೌಂಟರಿಗೆ ಕೊಟ್ಟೆ. ಎಣಿಸುವ ಯಂತ್ರ ಕೀಂ ಎಂದು ನಿಂತಿತು. ಕ್ಯಾಷಿಯರು ಒಂದು ನೋಟನ್ನು ತೆಗೆದು ನೇರಳಾತೀತ ದೀಪದಡಿ ಹಿಡಿದರೆ ಅದು ಗಣೇಶೋತ್ಸವದ ಸೀರಿಯಲ್ ಸೆಟ್ಟಿನಂತೆ ನೀಲಿಯಾಗಿ ಹೊಳೆಯಿತು. ಅಸಲಿ ನೋಟಿನ ಹತ್ತಿಯ ಕಾಗದ ಆ ದೀಪಕ್ಕೆ ಹೊಳೆಯಬಾರದು. ಹೊಳೆಯಬೇಕಾದದ್ದು ಸಂಖ್ಯೆ ಮತ್ತು ಒಳಗಿನ ಸಣ್ಣ ಎಳೆಗಳು. ಖೋಟಾ ಎಂದು ತೀರ್ಮಾನವಾದ ನೋಟಿಗೆ ಮುದ್ರೆಯೊತ್ತಿ, ವಶಪಡಿಸಿಕೊಂಡು, ನಮ್ಮ ಕೈಗೊಂದು ರಸೀದಿ ಕೊಡುತ್ತಾರೆ, ಹಣ ಹೋದಂತೆಯೇ. ಒಂದು ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳ ವರದಿಯಲ್ಲಿ ಪೊಲೀಸರಿಗೆ ತಿಳಿಸುತ್ತಾರೆ, ಐದಾದರೆ ಎಫ್‌ಐಆರ್. ನಾನು ಮನಸ್ಸಿನಲ್ಲೇ ಆ ನೋಟಿದ್ದ ಪ್ಯಾಂಟಿನ ಜೇಬಿನಿಂದ ತೆಗೆದ ನೋಟುಗಳನ್ನು ಎಣಿಸಿದೆ. ನಾಲ್ಕು.

ಕ್ಯಾಷಿಯರು ನಿವೃತ್ತಿಯ ಅಂಚಿನ ಅನುಭವಸ್ಥರು. ನೋಟನ್ನು ಓರೆ ಮಾಡಿ ದಾರ ಹಸಿರಿನಿಂದ ನೀಲಿಗೆ ತಿರುಗುವುದನ್ನು ನೋಡಿದರು, ಬೆಳಕಿಗೆ ಹಿಡಿದು ಗಾಂಧೀಜಿಯವರ ನೀರಗುರುತನ್ನು ನೋಡಿದರು, ಅಂಚಿನ ಐದು ಉಬ್ಬುಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದರು, ಆಮೇಲೆ ಮೂಗಿನ ಹತ್ತಿರ ತಂದು ಮೂಸಿದರು.

"ಪ್ಯಾಂಟ್ ಜೊತೆ ಒಗೆದಿದ್ದೀರಾ ಸ್ವಾಮಿ?"

ವಾಷಿಂಗ್ ಮೆಷೀನಿಗೆ ಹಾಕಿದ್ದು ನಾನೇ ಎಂದು ಒಪ್ಪಿಕೊಂಡೆ. ಬಟ್ಟೆ ಬೆಳ್ಳಗೆ ಕಾಣಲೆಂದು ಸೋಪಿನ ಪುಡಿಗೆ ಬೆರೆಸುವ ಬಿಳುಪುಕಾರಕವನ್ನು ನೋಟೂ ಹೀರಿಕೊಂಡಿತ್ತು. ನಾಲ್ಕನ್ನೂ ಒಂದೊಂದಾಗಿ ಮೂಸಿ ಪೆಟ್ಟಿಗೆಗೆ ಹಾಕಿದ ಅವರು, ಚಲನ್ನನ್ನು ನನ್ನತ್ತ ತಳ್ಳಿ, "ಇಲ್ಲೊಂದು ಸಹಿ ಹಾಕಿ" ಎಂದರು.

ನಾನು ಪೆನ್ನು ಹಿಡಿದು, ಪಕ್ಕದ ಮೇಜಿನ ಹುಡುಗಿಯ ಕಡೆ ತಿರುಗಿ, "ಮೇಡಂ, ಯಾವುದು ಹಾಕ್ಲಿ?" ಎಂದು ಕೇಳಿದೆ.