ಸ್ವಾಮಿ, ನನ್ನನ್ನೂ ಸ್ವಲ್ಪ ಲೇವಡಿ ಮಾಡಿ

ವ್ಯಂಗ್ಯಚಿತ್ರ ಬರೆದವನ ಮೇಲೆ ಕೇಸು ಜಡಿಯುವ ರಾಜಕಾರಣಿಗಳು ನಮಗೆ ಗೊತ್ತು. 'ನನ್ನದು ಯಾಕಿನ್ನೂ ಬರೆದಿಲ್ಲ' ಅಂತ ಕೊರಗಿದವನನ್ನು ಕೇಳಿದ್ದೀರಾ? ಲಂಡನ್ನಿನ ಜಾರ್ಜ್ ಕ್ಯಾನಿಂಗ್ ಅಂಥವನು.

ಫ್ರಾನ್ಸಿನಲ್ಲಿ ರಾಜನ ತಲೆ ಹಾರಿತ್ತು, ಯುರೋಪಿಗೆಲ್ಲ ಯುದ್ಧ ಹಬ್ಬಿತ್ತು. ಕ್ಯಾನಿಂಗ್‌ಗೆ ಮಾತ್ರ ಬೇರೆಯೇ ಚಿಂತೆ. ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ತನ್ನನ್ನು ಆಡಿಕೊಳ್ಳುವುದು ಯಾವಾಗ? ಗಿಲ್ರೇಯ ಚಿತ್ರ ಮಾರುತ್ತಿದ್ದ ಹಾನಾ ಹಂಫ್ರಿಯ ಅಂಗಡಿ ಕಿಟಕಿಯಲ್ಲಿ ಮೂತಿ ಕಾಣದವನು ಅದೆಂಥ ರಾಜಕಾರಣಿ, ಅಲ್ವಾ? ಸ್ನೇಹಿತರ ಕೈಲಿ ಶಿಫಾರಸು ಮಾಡಿಸಿದ. 1796ರಲ್ಲಿ ಭಾಗ್ಯದ ಬಾಗಿಲು ತೆರೆಯಿತು. ಫ್ರೆಂಚರು ಲಂಡನ್ನಿಗೆ ನುಗ್ಗಿದರೆ ಏನಾದೀತು ಎಂಬ ಚಿತ್ರ. ಅದರಲ್ಲಿ ಕ್ಯಾನಿಂಗ್ ಇದ್ದಾನೆ. ದೀಪದ ಕಂಬಕ್ಕೆ ನೇತಾಡುತ್ತಿದ್ದಾನೆ.

ಈ ಗಿಲ್ರೇ ಯಾರ ಹಂಗಿನಲ್ಲೂ ಇಲ್ಲದಿದ್ದಾಗ ಯಾರನ್ನೂ ಬಿಟ್ಟವನಲ್ಲ. 1791ರಲ್ಲಿ ಕಾರ್ನ್‌ವಾಲಿಸ್ ನಮ್ಮ ಶ್ರೀರಂಗಪಟ್ಟಣದ ಹತ್ತಿರ ಬಂದ. ಎತ್ತುಗಳು ಸತ್ತವು, ಮಳೆ ಹಿಡಿಯಿತು, ತನ್ನ ಫಿರಂಗಿಗಳನ್ನು ತಾನೇ ಒಡೆದು ವಾಪಸ್ ಹೊರಟ. ಗಿಲ್ರೇ ಆ ಮಳೆಗಾಲವನ್ನು ಬರೆದ ರೀತಿ ನೋಡಿ: ಕೋಟೆ ಮೇಲೆ ನಿಂತ ಟಿಪ್ಪು ಇಂಗ್ಲಿಷರ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ! ಅದೇ ವರ್ಷ ಪ್ರಧಾನಿ ಪಿಟ್‌ನನ್ನು ತಿಪ್ಪೆ ಮೇಲಿನ ನಾಯಿಕೊಡೆ ಮಾಡಿದ.

ನಾಯಿಕೊಡೆಗೆ ಬುದ್ಧಿ ಇತ್ತು. 1797ರಲ್ಲಿ ಪಿಟ್ ಸರ್ಕಾರ ಗಿಲ್ರೇಗೆ ಗುಟ್ಟಾಗಿ ವರ್ಷಕ್ಕೆ 200 ಪೌಂಡ್ ಪಿಂಚಣಿ ಗೊತ್ತುಮಾಡಿತು. ಕೇಸಿಗಿಂತ ಅಗ್ಗ, ನೋಡಿ. ಮುಂದೆ 1799ರಿಂದ ಯುದ್ಧದ ಖರ್ಚಿಗೆ ಆದಾಯ ತೆರಿಗೆಯೂ ಬಂತು. ಅಂದರೆ ತೆರಿಗೆ ಕಟ್ಟಿದವರು ಫಿರಂಗಿಗೂ ಕೊಟ್ಟರು, ಕುಂಚಕ್ಕೂ ಕೊಟ್ಟರು.

ಪ್ಯಾರಿಸ್ಸಿನಲ್ಲಿ ಗುಟ್ಟುಗಿಟ್ಟು ಏನೂ ಇಲ್ಲ. ಕ್ರಾಂತಿ ಸರ್ಕಾರ ನಡೆಸುತ್ತಿದ್ದ ಸಾರ್ವಜನಿಕ ಸುರಕ್ಷಾ ಸಮಿತಿ, ಅದೇ ಜನರನ್ನು ಗಿಲೊಟಿನ್ನಿಗೆ ಕಳಿಸುತ್ತಿದ್ದ ಸಮಿತಿ, 1793ರಲ್ಲಿ ಲೇವಡಿ ಚಿತ್ರ ಬರೆಯಲು ಜಾಕ್ ಲೂಯಿ ದಾವಿದ್‌ಗೆ ಹೇಳಿತು. ನಗಿಸಲೇಬೇಕು, ನಗಿಸದಿದ್ದರೆ ಏನಾಗಬಹುದು ಎಂದು ಕೇಳುವ ಧೈರ್ಯ ಯಾರಿಗಿರುತ್ತೆ? ಪಾಪ, ಗಂಭೀರ ಇತಿಹಾಸ ಚಿತ್ರಗಳ ಕಲಾವಿದ. ಕೂತು ಇಂಗ್ಲಿಷ್ ಸೈನಿಕರನ್ನೆಲ್ಲ ಹೂಜಿಗಳನ್ನಾಗಿ ಬರೆದ. ಫ್ರೆಂಚ್‌ನಲ್ಲಿ ಹೂಜಿ ಅಂದರೆ ದಡ್ಡ ಅಂತಲೂ ಅರ್ಥ. ರಾಜ ಜಾರ್ಜ್‌ನ ಮೂಗು ಹಿಡಿದು ಎಳೆಯುವ ಪಿಟ್ ಇಲ್ಲಿ ಟರ್ಕಿ ಕೋಳಿ. ಸರ್ಕಾರಿ ಹಾಸ್ಯ, ಏನು ಮಾಡೋದು.

1801ರಲ್ಲಿ ಪಿಟ್ ಕುರ್ಚಿ ಬಿಟ್ಟ, ಗಿಲ್ರೇಯ ಪಿಂಚಣಿಯೂ ನಿಂತಿತು. ಕೈ ಮತ್ತೆ ಸಡಿಲವಾಯಿತು. 1805ರಲ್ಲಿ ಪಿಟ್ ಮತ್ತು ನೆಪೋಲಿಯನ್ ಒಂದೇ ಮೇಜಿಗೆ ಕೂತು ಭೂಮಿಯನ್ನು ಪುಡ್ಡಿಂಗ್ ಥರ ಕೊಯ್ದುಕೊಳ್ಳುವ ಚಿತ್ರ ಬಂತು. ಪಿಟ್‌ಗೆ ಸಮುದ್ರದ ಹೋಳು, ನೆಪೋಲಿಯನ್‌ಗೆ ಯುರೋಪಿನ ಹೋಳು.

ಕ್ಯಾನಿಂಗ್ ಏನಾದ ಅಂತೀರಾ? 1827ರಲ್ಲಿ ಪ್ರಧಾನಿಯೇ ಆದ. ಅಷ್ಟು ಹೊತ್ತಿಗೆ ಗಿಲ್ರೇ ಸತ್ತು ಹನ್ನೆರಡು ವರ್ಷವಾಗುತ್ತಾ ಬಂದಿತ್ತು.