ಅವರ ಗ್ರ್ಯಾಂಡೂ ನಮ್ಮ ಗ್ರ್ಯಾಂಡೂ

ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಹರವಿದ ಸಾಕ್ಸ್ ಮೂರು ದಿನವಾದರೂ ಒಣಗಿಲ್ಲ. ಐರ್ಲೆಂಡಿಗೆ ಓದಲು ಬಂದವರಿಗೆ ಹೊಸದಾಗಿ ಹೇಳಬೇಕಿಲ್ಲ. ಒಂದು ಶನಿವಾರ ಬಸ್ಸು ಹತ್ತಿಸಿ ಪಶ್ಚಿಮ ತೀರದ ಕಾನೆಮಾರಾ ಕಡೆ ಒಯ್ಯುತ್ತಾರೆ: ಬೆಳಿಗ್ಗೆ ಬಾಗ್ ಎಂಬ ಜೌಗು, ಮಧ್ಯಾಹ್ನ ಕೈಕಸುಬು. ‘ಮಳೆ ಬರುತ್ತಾ?’ ಎಂದರೆ ‘ಗ್ರ್ಯಾಂಡ್’ ಅನ್ನುತ್ತಾರೆ. ನಮ್ಮಲ್ಲಿ ಗ್ರ್ಯಾಂಡ್ ಅಂದರೆ ಸಾವಿರ ಎಲೆ ಬೀಳುವ ಮದುವೆ, ಗೇಣಗಲ ಜರಿಯಂಚಿನ ಸೀರೆ. ಇಲ್ಲಿ ಗ್ರ್ಯಾಂಡ್ ಅಂದರೆ ‘ಉಸಿರಾಡ್ತಿದ್ದೀಯಲ್ಲ, ಸಾಕು’. ಜಿಟಿಜಿಟಿ ಮಳೆ ಇಡೀ ದಿನ ಅಡ್ಡಡ್ಡ ಬೀಸಿದರೆ ಅದು ‘ಸಾಫ್ಟ್ ಡೇ’. ಯಾರಿಗೆ ಸಾಫ್ಟೋ!

ಬಾಗಿನಲ್ಲಿ ಕಣ್ಣಿಗೆ ತಂಪೆನಿಸುವ ಹೊಳೆಯುವ ಹಸಿರೇ ಮೋಸ. ಅದು ಸ್ಫ್ಯಾಗ್ನಮ್ ಪಾಚಿ, ತನ್ನ ತೂಕದ ಇಪ್ಪತ್ತು ಪಟ್ಟಿನವರೆಗೂ ನೀರು ಹೀರಿಟ್ಟುಕೊಳ್ಳುತ್ತದೆ. ಕಂದು ಬಣ್ಣದ ಹೆದರ್ ಪೊದೆ ಇರುವ ಕಡೆ ಕಾಲಿಡಿ. ಸತ್ತ ಪಾಚಿ, ಗಿಡಗಳು ಪದರಪದರವಾಗಿ ಕೂತ ಪೀಟ್ ಮಣ್ಣು ಬೆಳೆಯುವುದು ವರ್ಷಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್. ಮೊಣಕಾಲಿನ ತನಕ, ಅಂದರೆ 45 ಸೆಂಟಿಮೀಟರ್ ಹೂತರೆ 450 ವರ್ಷ, ತಾಳಿಕೋಟೆ ಕಾಳಗದ ಆಸುಪಾಸಿಗೆ ಕಾಲಿಟ್ಟ ಹಾಗೆ. ಆಗ ಗಾಬರಿಯಿಂದ ನೇರಕ್ಕೆ ಎಳೆದರೆ ಕಾಲು ಬರುತ್ತದೆ, ಬೂಟು ಇತಿಹಾಸದಲ್ಲೇ ಉಳಿಯುತ್ತದೆ. ಹಿಮ್ಮಡಿ ಅಲ್ಲಾಡಿಸಿ ಗಾಳಿ ಒಳಗೆ ಬಿಡಿ, ಆಮೇಲೆ ಹಿಮ್ಮಡಿಯನ್ನೇ ಮೊದಲು ಎತ್ತಿ.

ಒಲೆಗೆ ಉರುವಲಾಗುವ ಈ ಪೀಟನ್ನು ಇಟ್ಟಿಗೆಯ ಹಾಗೆ ಕತ್ತರಿಸುವ ಗುದ್ದಲಿಗೆ ಶ್ಲಾನ್ ಅನ್ನುತ್ತಾರೆ. ಪಕ್ಕದಲ್ಲೊಂದು ರೆಕ್ಕೆ ಇರುವುದರಿಂದ ಒಂದೇ ಏಟಿಗೆ ಎರಡು ಬದಿ ಕತ್ತರಿಸುತ್ತದೆ. ಹಸಿ ಹೆಂಟೆಗಳನ್ನು ನೆಲದಲ್ಲಿ ಹರವಿ, ಸ್ವಲ್ಪ ಗಟ್ಟಿಯಾದ ಮೇಲೆ ಐದಾರನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದರೆ ನಡುವೆ ಗಾಳಿಯಾಡಿ ಒಣಗುತ್ತವೆ. ಬೆರಣಿ ಕಂಡವರಿಗೆ ಇದು ಹೊಸದಲ್ಲ. ಗಾಳಿ ನಿಂತರೆ ಮಾತ್ರ ನುಸಿ ಮುತ್ತುತ್ತದೆ, ಬೀಸುತ್ತಿದ್ದರೆ ಮಳೆ. ಯಾವುದು ಬೇಕು ಆರಿಸಿಕೊಳ್ಳಿ.

ಮಧ್ಯಾಹ್ನಕ್ಕೆ ಐರ್ಲೆಂಡಿನ ಪೋಷಕ ಸಂತಳಾದ ಸೇಂಟ್ ಬ್ರಿಜಿಡ್ ಹೆಸರಿನ ಶಿಲುಬೆ. ಜನವರಿ 31ರ ಸಂಜೆ ಇದನ್ನು ಹೆಣೆದು, ಮನೆಗೆ ಬೆಂಕಿ ತಾಗದಿರಲಿ ಎಂದು ಬಾಗಿಲ ಮೇಲೆ ಸಿಕ್ಕಿಸುವುದು ವಾಡಿಕೆ. (ಈ ಒದ್ದೆ ಸೀಮೆಯಲ್ಲಿ ಬೆಂಕಿಯ ಭಯವೇ ಅನ್ನಬೇಡಿ. ಹುಲ್ಲು ಮಾಡಿನ ಕೆಳಗೆ ಪೀಟ್ ಒಲೆ ಉರಿಯುತ್ತಿದ್ದ ಮನೆಗಳವು.) 2023ರಿಂದ ಬ್ರಿಜಿಡ್ ಹೆಸರಿನಲ್ಲಿ ಸರ್ಕಾರಿ ರಜೆಯೂ ಇದೆ.

ಬೇಕಾದದ್ದು ಇಪ್ಪತ್ತರಷ್ಟು ಹಸಿ ಜೊಂಡಿನ ಕಡ್ಡಿ, ನಾಲ್ಕು ರಬ್ಬರ್ ಬ್ಯಾಂಡ್. ಜೊಂಡನ್ನು ಕೊಯ್ಯುವುದಿಲ್ಲ, ಕೀಳುವುದು. ಒಣಗಿದ್ದರೆ ಮಡಚಿದಲ್ಲೇ ಲಟಕ್ಕನೆ ಮುರಿಯುತ್ತದೆ. ಒಂದು ಕಡ್ಡಿ ನೆಟ್ಟಗೆ ಹಿಡಿಯಿರಿ. ಎರಡನೆಯದನ್ನು ಅದರ ನಡುವಿಗೆ ಸುತ್ತಿ ಅರ್ಧಕ್ಕೆ ಮಡಚಿ, ತುದಿಗಳು ಬಲಕ್ಕೆ. ಇಡೀ ಗಂಟನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಕಾಲು ಸುತ್ತು ತಿರುಗಿಸಿ, ಆ ತುದಿಗಳು ಮೇಲಕ್ಕೆ ಬರುತ್ತವೆ. ಮೇಲೆ ನಿಂತವನ್ನೆಲ್ಲ ಬಳಸಿ ಮುಂದಿನ ಕಡ್ಡಿ ಮಡಚಿ, ಮತ್ತೆ ಬಲಕ್ಕೆ. ತಿರುಗಿಸಿ. ಇಷ್ಟೇ.

ಇಷ್ಟೇ ಅನ್ನುವಾಗಲೇ ಎಡಗೈ ಹೆಬ್ಬೆರಳು ಕೈಕೊಡುತ್ತದೆ. ನಡುವನ್ನು ಒತ್ತಿ ಹಿಡಿದಿರುವುದು ಅದೊಂದೇ. ಫೋಟೋಗೆಂದು, ಮೂಗು ತುರಿಸಲೆಂದು ಒಂದು ಕ್ಷಣ ಎತ್ತಿದಿರೋ, ಹನ್ನೊಂದು ಕಡ್ಡಿ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಕಲಿಸುವ ಹೆಂಗಸು ಬಗ್ಗಿ ನೋಡಿ ‘ಗ್ರ್ಯಾಂಡ್’ ಅನ್ನುತ್ತಾರೆ. ಪಕ್ಕದವನು ಎರಡು ಸಲ ಉಲ್ಟಾ ತಿರುಗಿಸಿ ಪೊರಕೆ ಮಾಡಿದ್ದರೆ ಅದೂ ಗ್ರ್ಯಾಂಡ್. ಹೋಗಲಿ, ಲೆಕ್ಕ ತಪ್ಪಿ ಮೂರೇ ಕೈ ಬಂದವಳಿಗಾದರೂ ಬೈಯಬಾರದೇ? ‘ಗ್ರ್ಯಾಂಡ್! ಮೂರು ಕೈಯದೂ ಉಂಟು, ಹಿಂದೆ ಕೊಟ್ಟಿಗೆಗೆ ಕಟ್ಟುತ್ತಿದ್ದರು.’ ಹೆಣೆದವಳ ಮುಖ ಆಗ ನೋಡಬೇಕು.

ಯಾರೂ ಹೇಳಿಕೊಡದೆ ನೆಟ್ಟಗೆ ಹೆಣೆಯುವವರು ಗುಂಪಿನಲ್ಲಿ ಒಬ್ಬರೋ ಇಬ್ಬರೋ. ವಿಚಾರಿಸಿದರೆ ಮನೆಯಲ್ಲಿ ಬಾಳೆನಾರಿಗೆ ಮಲ್ಲಿಗೆ ಕಟ್ಟಿ ಅಭ್ಯಾಸ ಇದ್ದವರು. ಸಡಿಲ ಬಿಡದ ಆ ಹೆಬ್ಬೆರಳು ಅಜ್ಜಿಯ ಪಕ್ಕ ಕೂತು ಬಂದದ್ದು. ಎಳೆಯ ಜೊಂಡು ಮುರಿದಾಗ ಬರುವ ಹಸಿ ವಾಸನೆಗೆ ಅವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ನಾಲ್ಕು ತುದಿಗೂ ರಬ್ಬರ್ ಬ್ಯಾಂಡ್ ಬಿಗಿದು ಕತ್ತರಿಯಲ್ಲಿ ಸಮ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ಹಸಿ ಜೊಂಡು ಒಣಗುತ್ತಾ ಸಣಕಲಾಗಿ, ಬ್ಯಾಂಡ್ ಜಾರಿ, ಶಿಲುಬೆ ಒಂದು ಪಕ್ಕಕ್ಕೆ ವಾಲುತ್ತದೆ. ನಾಲ್ಕೈದು ದಿನ ಬಿಟ್ಟು ಮತ್ತೊಂದು ಸುತ್ತು ಬಿಗಿಯಿರಿ. ರೇಡಿಯೇಟರ್ ಮೇಲಂತೂ ಒಣಹಾಕಬೇಡಿ, ಅಲ್ಲಿ ಸಾಕ್ಸ್ ಇದೆ.